ಸಿಂದಗಿಯ ಸನ್ಯಾಸಿ, ನಿಜಾಮನ ಜೈಲು

ಪುಣೆಯಲ್ಲಿ ನಾನು ಕೆಲಸ ಮಾಡುವ ತಂಡದಲ್ಲಿ ಹನ್ನೊಂದು ಮಂದಿ ಇದ್ದೇವೆ. ಇಬ್ಬರು ಲಾತೂರಿನವರು, ಒಬ್ಬ ನಾಂದೇಡದವನು, ಒಬ್ಬಳು ವರಂಗಲ್ಲಿನವಳು, ನಾನು ಕಲಬುರಗಿ ಜಿಲ್ಲೆಯ ಆಳಂದದ ಕಡೆಯವನು. ನಮ್ಮ ಮನೆಮಾತು ಮೂರು, ರಾಜ್ಯ ಮೂರು. ಆದರೆ ನಮ್ಮೆಲ್ಲರ ಅಜ್ಜಂದಿರು ಒಬ್ಬನೇ ದೊರೆಯ ಪ್ರಜೆಗಳು. ಒಂದೇ ಹಾಲಿ ಸಿಕ್ಕಾ ರೂಪಾಯಿ ಎಣಿಸಿದವರು, ಉರ್ದುವಿನಲ್ಲಿ ಬರೆದ ಹೊಲದ ಕಾಗದವನ್ನು ಟ್ರಂಕಿನಲ್ಲಿ ಜೋಪಾನ ಮಾಡಿದವರು. ಸೆಪ್ಟೆಂಬರ್ 17 ಬಂದಾಗ ಈ ನೆಂಟಸ್ತಿಕೆ ನೆನಪಾಗುತ್ತದೆ. ಲಾತೂರಿನವರಿಗೆ ಅದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ನಮಗೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿತ್ತು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಹಿಂಜವಡಿಯ ಕಂಪನಿಗಳಿಗೆ ಮಾತ್ರ ಅದು ಮಾಮೂಲಿ ಕೆಲಸದ ದಿನ.

ಅಂದು ಊರ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಸಂದೇಶಗಳು ಬರುತ್ತವೆ. ಸರ್ದಾರ್ ಪಟೇಲರಿಗೆ ಕೈಮುಗಿಯುವ ನಿಜಾಮನ ಫೋಟೊ, ಟ್ಯಾಂಕುಗಳು, ಕಾಸಿಂ ರಜ್ವಿಯ ಮುಖ. ಐದು ದಿನದಲ್ಲಿ ಶುರುವಾಗಿ ಐದೇ ದಿನದಲ್ಲಿ ಮುಗಿದ ಕಥೆಯಂತೆ ಅದನ್ನು ಓದುತ್ತೇವೆ. ಅದಕ್ಕೆ ಹತ್ತು ವರ್ಷ ಮೊದಲೇ ಆ ಸಂಸ್ಥಾನದೊಳಗೆ ಹೋರಾಟ ಕಟ್ಟಿ, ಮತ್ತೆ ಮತ್ತೆ ಜೈಲಿಗೆ ಹೋದ ಸ್ವಾಮಿ ರಾಮಾನಂದ ತೀರ್ಥರ ಚಿತ್ರ ಎಲ್ಲೋ ಮೂಲೆಯಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅವರು ನಮ್ಮ ಸಿಂದಗಿಯವರು, ಪುಣೆಯಲ್ಲಿ ಓದಿದವರು ಎಂಬುದು ನನ್ನ ಮರಾಠಿ ಗೆಳೆಯರಿಗೂ ತಿಳಿದಿರಲಿಲ್ಲ. ಎರಡು ವರ್ಷದಿಂದ ಬಿಡುವಾದಾಗಲೆಲ್ಲ ಅವರ ಬಗ್ಗೆ ಸಿಕ್ಕಿದ್ದನ್ನು ಓದುತ್ತಿದ್ದೇನೆ. 1967ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕವೊಂದಿದೆ. ಅಲ್ಲಿಂದ ಹಿಡಿದು ಆ ಕಾಲದ ವರದಿಗಳವರೆಗೆ ಓದಿದಾಗ, ಇವತ್ತು ನಾವು ಧಾರ್ಮಿಕ ಸ್ವಾತಂತ್ರ್ಯ ಎಂದು ಕರೆಯುವ ವಿಷಯದಲ್ಲಿ ಈ ಕಾವಿಧಾರಿ ಎಷ್ಟು ಬಿಗಿಯಾದ ನಿಲುವು ತೆಗೆದುಕೊಂಡಿದ್ದರು ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು.

ಅವರ ಮೊದಲ ಹೆಸರು ವ್ಯಂಕಟೇಶ ಭಗವಾನರಾವ್ ಖೇಡಗೀಕರ. ಹುಟ್ಟಿದ್ದು 1903ರ ಅಕ್ಟೋಬರ್ 3ರಂದು. ವಿಜಾಪುರ ಜಿಲ್ಲೆಯ ಸಿಂದಗಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ನಿಜಾಮನ ಗಡಿ. ಅಫಜಲಪುರ, ಜೇವರ್ಗಿ ಕಡೆ ಹೋಗುವವರು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋದಂತೆಯೇ. (ಪುಣೆಯ ಮುಳಾ-ಮುಠಾ ನೀರು ಭೀಮೆಗೆ ಸೇರಿ ನಮ್ಮ ಆ ಸೀಮೆಗೇ ಹರಿದು ಬರುತ್ತದೆ. ಮಳೆಗಾಲದಲ್ಲಿ ಇಲ್ಲಿ ಖಡಕವಾಸಲಾದ ಗೇಟು ತೆಗೆದರು ಎಂದು ಸುದ್ದಿ ಬಂದರೆ ನನಗೆ ಊರಿನದೇ ಚಿಂತೆ.)

ಸೊಲ್ಲಾಪುರದಲ್ಲಿ ಓದುತ್ತಿದ್ದಾಗ ಅಸಹಕಾರ ಚಳವಳಿ ಬಂತು, ಹುಡುಗ ಸರ್ಕಾರಿ ಶಿಕ್ಷಣ ಬಿಟ್ಟ. ಆಮೇಲೆ ಅಮಳನೇರ, ನಂತರ ಪುಣೆ. ತಿಲಕರ ಹೆಸರಿನಲ್ಲಿ 1921ರಲ್ಲಿ ಶುರುವಾದ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಎಂಎ ಮುಗಿಸಿದರು. ಅದು ರಾಷ್ಟ್ರೀಯ ಶಿಕ್ಷಣ ಸಂಸ್ಥೆ. ಅಲ್ಲಿಯ ಪದವಿ ಹಿಡಿದು ಬ್ರಿಟಿಷ್ ಸರ್ಕಾರದ ಕಚೇರಿಗೆ ಹೋದರೆ ನೌಕರಿ ಸಿಗುತ್ತಿರಲಿಲ್ಲ. ಕ್ಯಾಂಪಸ್ ಇಂಟರ್‌ವ್ಯೂನ ಭರವಸೆ ಇಟ್ಟುಕೊಂಡೇ ಎಂಟೆಕ್ ಸೇರಿದ ನನ್ನಂಥವನಿಗೆ ಇದು ಬೇರೆಯೇ ಜಗತ್ತು. ಮುಂದೆ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಜೊತೆ ಕೆಲಸ ಮಾಡಿದರು. ಗಿರಣಿ ಕಾರ್ಮಿಕರ ಲೋಕ, ಸಂಘಟನೆಯ ಕಸುಬು, ಎರಡನ್ನೂ ಕಲಿತಿದ್ದು ಅಲ್ಲಿ.

1929ರಲ್ಲಿ ಅವರು ಗಡಿ ದಾಟಿದರು. ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಎಂಬ ಹಳ್ಳಿಯಲ್ಲಿ ಒಂದು ರಾಷ್ಟ್ರೀಯ ಶಾಲೆ ಇತ್ತು, ಅಲ್ಲಿಗೆ ಮಾಸ್ತರರಾಗಿ ಬಂದರು. ಸ್ವಾಮಿ ರಾಮತೀರ್ಥರ ಪರಂಪರೆಯಲ್ಲಿ ಸನ್ಯಾಸ ತೆಗೆದುಕೊಂಡು ರಾಮಾನಂದ ತೀರ್ಥರಾಗಿದ್ದು ಅಲ್ಲಿದ್ದಾಗಲೇ, 1930ರ ದಶಕದ ಮೊದಲಲ್ಲಿ. ಕಾವಿ ಉಟ್ಟರೂ ಪಾಠ ಹೇಳುವುದು ಬಿಡಲಿಲ್ಲ. 1935ರಲ್ಲಿ ಅಂಬಾಜೋಗಾಯಿಗೆ ಹೋಗಿ ಅಲ್ಲಿ ಶಾಲೆ ಕಟ್ಟಿದರು. ಅಂಬಾಜೋಗಾಯಿಗೆ ಸರ್ಕಾರಿ ಕಾಗದದಲ್ಲಿ ಆಗ ಮೋಮಿನಾಬಾದ್ ಎಂದು ಹೆಸರು.

ನಿಜಾಮನ ಸಂಸ್ಥಾನ ಎಂಥದ್ದಾಗಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಹದಿನಾರು ಜಿಲ್ಲೆ, ಒಂದೂವರೆ ಕೋಟಿಗೂ ಹೆಚ್ಚು ಜನ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಮುಸ್ಲಿಮೇತರರು, ಮೇಲಿನ ಹುದ್ದೆಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸುವುದು ಉರ್ದುವಿನಲ್ಲಿ. ಕನ್ನಡ, ಮರಾಠಿ, ತೆಲುಗು ಮನೆಯ ಮಾತು, ಸಂತೆಯ ಮಾತು, ಅಷ್ಟೇ. ಸಾರ್ವಜನಿಕ ಸಭೆ ಮಾಡಬೇಕೆಂದರೆ ಗಷ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಮೊದಲೇ ಅನುಮತಿ ಪಡೆಯಬೇಕು. ಗುಡಿ ಕಟ್ಟಲು, ಹಳೆಯ ಗುಡಿ ದುರಸ್ತಿ ಮಾಡಲು ಉಮೂರೆ ಮಜಹಬಿ ಎಂಬ ಧಾರ್ಮಿಕ ಇಲಾಖೆಯ ಒಪ್ಪಿಗೆ ಬೇಕು. ದಸರೆ ಮತ್ತು ಮೊಹರಂ ಒಟ್ಟಿಗೆ ಬಂದ ವರ್ಷಗಳಲ್ಲಿ ದಸರೆಯ ಮೆರವಣಿಗೆ, ವಾದ್ಯಗಳಿಗೆ ತಡೆ.

ಹಾಗೆಂದು ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನನ್ನು ಗುಡಿ ಒಡೆಯುವ ದೊರೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ದೇವಸ್ಥಾನಗಳಿಗೂ ಅವನ ಖಜಾನೆಯಿಂದ ಹಣ ಹೋಗುತ್ತಿತ್ತು. ಪುಣೆಯಲ್ಲಿ ಇರುವವರು ಲಾ ಕಾಲೇಜ್ ರಸ್ತೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರಕ್ಕೆ ಹೋಗಿ ನೋಡಬಹುದು. ಮಹಾಭಾರತದ ಸಂಶೋಧಿತ ಆವೃತ್ತಿ ಸಿದ್ಧವಾದ ಜಾಗ ಅದು. ಆ ಕೆಲಸಕ್ಕೆ ನಿಜಾಮ ವರ್ಷಾಸನ ಕೊಟ್ಟ, ವಿದ್ವಾಂಸರು ಉಳಿದುಕೊಳ್ಳಲು ಅತಿಥಿಗೃಹಕ್ಕೂ ಹಣ ಕೊಟ್ಟ. ಆ ಕಟ್ಟಡ ನಿಜಾಮ್ ಗೆಸ್ಟ್ ಹೌಸ್ ಎಂದೇ ಹೆಸರಾಗಿದೆ. ಒಂದು ಕೈಯಿಂದ ಮಹಾಭಾರತಕ್ಕೆ ಕೊಟ್ಟವನು ಇನ್ನೊಂದು ಕೈಯಿಂದ ಆಳಂದದ ಹನುಮಪ್ಪನ ಗುಡಿಯ ಮಾಳಿಗೆ ಸರಿಪಡಿಸಲು ಅರ್ಜಿ ಕೇಳುತ್ತಿದ್ದ. ಕೊಟ್ಟರೂ ಅವನ ಮರ್ಜಿ, ತಡೆದರೂ ಅವನ ಮರ್ಜಿ. ಜನರಿಗೆ ಅದರಲ್ಲಿ ಹಕ್ಕು ಎಂಬುದೊಂದು ಇರಲಿಲ್ಲ. ರಾಮಾನಂದ ತೀರ್ಥರ ಜಗಳ ಇದ್ದದ್ದು ಈ ಮರ್ಜಿಯ ಜೊತೆಗೆ, ದೊರೆಯ ಧರ್ಮದ ಜೊತೆಗಲ್ಲ. 1938ರಲ್ಲಿ ಇದು ಪರೀಕ್ಷೆಗೆ ಬಂತು.

ಆ ವರ್ಷ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಮುಂದಾದರು. ಅದು ಹುಟ್ಟುವ ಮೊದಲೇ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಷೇಧ ಹೇರಿತು. ಸದಸ್ಯರೆಲ್ಲ ಹಿಂದೂಗಳೇ, ಹಾಗಾಗಿ ಇದು ಕೋಮುವಾದಿ ಸಂಸ್ಥೆ ಎಂಬುದು ಸರ್ಕಾರದ ಆಪಾದನೆ. ಸಿರಾಜುಲ್ ಹಸನ್ ತಿರ್ಮಿಜಿಯಂಥ ಮುಸ್ಲಿಂ ನಾಯಕರೂ ಅದರಲ್ಲಿದ್ದರು, ಅದು ಲೆಕ್ಕಕ್ಕೆ ಬರಲಿಲ್ಲ. ಅಕ್ಟೋಬರ್ 24ರಂದು ಸತ್ಯಾಗ್ರಹ ಶುರುವಾಯಿತು. ಸ್ವಾಮೀಜಿಯೂ ಆ ತಿಂಗಳಲ್ಲೇ ಸತ್ಯಾಗ್ರಹ ಮಾಡಿ ಜೈಲು ಸೇರಿದರು. ಅವರ ಬೇಡಿಕೆ ಜವಾಬ್ದಾರಿ ಸರ್ಕಾರ. ಅಂದರೆ ದೊರೆಗೆ ಬದಲಾಗಿ ಜನರು ಆರಿಸಿದ ಸಭೆಗೆ ಉತ್ತರ ಕೊಡುವ ಮಂತ್ರಿಮಂಡಲ.

ಅದೇ ಹೊತ್ತಿಗೆ ಇನ್ನೊಂದು ಸತ್ಯಾಗ್ರಹವೂ ಎದ್ದಿತು. ಆರ್ಯಸಮಾಜದವರು ಹವನ ಮಾಡಲು, ಓಂ ಧ್ವಜ ಹಾರಿಸಲು, ಧರ್ಮ ಪ್ರಚಾರ ಮಾಡಲು ಸ್ವಾತಂತ್ರ್ಯ ಕೇಳುತ್ತಿದ್ದರು. ನಮ್ಮ ಬೀದರ್, ಉದಗೀರ, ಹುಮನಾಬಾದ್ ಸೀಮೆ ಅವರ ಗಟ್ಟಿ ನೆಲೆ. ಅವರು ಪಟ್ಟ ಪಾಡು ಕಡಿಮೆಯದಲ್ಲ. ಉದಗೀರದ ವಕೀಲ ಭಾಯಿ ಶ್ಯಾಮಲಾಲ್ 1938ರ ಡಿಸೆಂಬರ್‌ನಲ್ಲಿ ಬೀದರ್ ಜೈಲಿನಲ್ಲೇ ತೀರಿಕೊಂಡರು. ಅದೇ ತಿಂಗಳು ಸೊಲ್ಲಾಪುರದಲ್ಲಿ ದೊಡ್ಡ ಸಮ್ಮೇಳನ ನಡೆದು, ಮುಂದಿನ ವರ್ಷ ದೇಶದ ನಾನಾ ಕಡೆಯಿಂದ ಸಾವಿರಾರು ಸ್ವಯಂಸೇವಕರು ರೈಲು ಹತ್ತಿ ಬಂದು ಗುಲಬರ್ಗಾ, ಹೈದರಾಬಾದಿನ ಜೈಲುಗಳನ್ನು ತುಂಬಿದರು. ಹಿಂದೂ ಮಹಾಸಭಾ ಕೂಡ ತನ್ನದೇ ತುಕಡಿಗಳನ್ನು ಕಳಿಸಿತು, ಅದರ ದೊಡ್ಡ ಕೇಂದ್ರ ಪುಣೆ. ಇಲ್ಲಿಂದ ಹೋಗಿ ನಿಜಾಮನ ಜೈಲು ಕಂಡವರಲ್ಲಿ ನಾಥೂರಾಮ್ ಗೋಡ್ಸೆಯೂ ಒಬ್ಬ.

ಹೊರಗಿನಿಂದ ನೋಡಿದರೆ ಎಲ್ಲರೂ ಒಂದೇ ದೊರೆಯ ವಿರುದ್ಧ, ಎಲ್ಲರೂ ಜೈಲಿಗೆ. ಸೇರಿ ಹೋರಾಡಿದರೆ ಬಲ ಹೆಚ್ಚುತ್ತಿರಲಿಲ್ಲವೇ ಎಂದು ನಮಗೂ ಅನ್ನಿಸುತ್ತದೆ, ಆಗಿನ ಕಾರ್ಯಕರ್ತರಿಗೂ ಅನ್ನಿಸಿತ್ತು. ಆದರೆ ಎರಡೂ ಬೆರೆತರೆ ಇದು ಹಿಂದೂ ಪ್ರಜೆಗಳು ಮುಸ್ಲಿಂ ದೊರೆಯ ಮೇಲೆ ಹೂಡಿದ ಜಗಳ ಎಂದಾಗಿಬಿಡುತ್ತದೆ ಎಂಬುದು ಗಾಂಧೀಜಿಯ ಆತಂಕ. ಅವರ ಸಲಹೆಯಂತೆ ಡಿಸೆಂಬರ್ ಕೊನೆಯಲ್ಲಿ ಸ್ಟೇಟ್ ಕಾಂಗ್ರೆಸ್ ತನ್ನ ಸತ್ಯಾಗ್ರಹವನ್ನು ನಿಲ್ಲಿಸಿತು. ಎರಡೇ ತಿಂಗಳಲ್ಲಿ ಚಳವಳಿ ನಿಂತದ್ದಕ್ಕೆ ಹುಡುಗರಿಗೆ ಸಿಟ್ಟು ಬಂತು. ಆರ್ಯಸಮಾಜದ ಸತ್ಯಾಗ್ರಹ 1939ರ ಆಗಸ್ಟ್‌ವರೆಗೆ ನಡೆದು, ಸರ್ಕಾರ ಕೆಲವು ಸುಧಾರಣೆ ಘೋಷಿಸಿದ ಮೇಲೆ ನಿಂತಿತು. ಅವರಿಗೆ ಏನೋ ಸಿಕ್ಕಿತು, ಸ್ಟೇಟ್ ಕಾಂಗ್ರೆಸ್ಸಿಗೆ ನಿಷೇಧವೇ ಉಳಿಯಿತು.

ರಾಜಕೀಯ ಲಾಭನಷ್ಟದ ಲೆಕ್ಕದಲ್ಲಿ ಇದು ಸೋಲೇ. ಆದರೂ ಸ್ವಾಮೀಜಿ ಮುಂದಿನ ಹತ್ತು ವರ್ಷ ಆ ಗೆರೆಯನ್ನು ಅಳಿಸಲಿಲ್ಲ. ಅವರೇ ಸನ್ಯಾಸಿ. ಧರ್ಮದ ಹೆಸರೆತ್ತಿದರೆ ಹಳ್ಳಿ ಹಳ್ಳಿಯೇ ಹಿಂದೆ ಬರುತ್ತಿತ್ತು. ಅವರು ಆಡಿದ್ದು ಮಾತ್ರ ರೈತನ ಕಂದಾಯ, ಜಹಗೀರುದಾರನ ಬಿಟ್ಟಿ ಚಾಕರಿ, ಓಟು, ಚುನಾಯಿತ ಸಭೆ. ಜನರಿಗೆ ಉತ್ತರ ಕೊಡುವ ಸರ್ಕಾರ ಬಂದರೆ ಗುಡಿಗೂ ಮಸೀದಿಗೂ ಯಾರ ಮರ್ಜಿಯೂ ಬೇಕಾಗದು ಎಂಬುದು ಆ ರಾಜಕೀಯದ ತಿರುಳು. ದೊರೆಯಿಂದ ಒಂದು ಧರ್ಮಕ್ಕೆ ರಿಯಾಯಿತಿ ಪಡೆಯುವುದರಿಂದ ಅದು ಆಗುವ ಕೆಲಸವಲ್ಲ. ನನಗಂತೂ ಈ ಭಾಗ ಅವರ ಇಡೀ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸುತ್ತದೆ.

1940ರಲ್ಲಿ ಮತ್ತೆ ವೈಯಕ್ತಿಕ ಸತ್ಯಾಗ್ರಹ, ಜೈಲು. 1942ರಲ್ಲಿ ಕ್ವಿಟ್ ಇಂಡಿಯಾ, ಮತ್ತೊಮ್ಮೆ ಜೈಲು. ನಿಷೇಧ ತೆರವಾದದ್ದು 1946ರಲ್ಲಿ. ಬೂರ್ಗುಲ ರಾಮಕೃಷ್ಣರಾವ್ ಅವರ ಸೌಮ್ಯವಾದಿ ಬಣದ ಜೊತೆ ಪೈಪೋಟಿ ನಡೆದು ಸ್ವಾಮೀಜಿ ಅಧ್ಯಕ್ಷರಾದರು. 1947ರ ಜೂನ್‌ನಲ್ಲಿ ಹೈದರಾಬಾದ್ ಸ್ವತಂತ್ರವಾಗಿ ಉಳಿಯುತ್ತದೆ ಎಂಬ ನಿಜಾಮನ ಫರ್ಮಾನು ಬಂತು. ಆಗಸ್ಟ್ 7ರಂದು ಸ್ಟೇಟ್ ಕಾಂಗ್ರೆಸ್ ಭಾರತ ಒಕ್ಕೂಟ ಸೇರುವ ದಿನ ಆಚರಿಸಿತು. ಆಗಸ್ಟ್ 15ರಂದು, ಇಡೀ ದೇಶ ಧ್ವಜ ಹಾರಿಸುತ್ತಿದ್ದ ದಿನ, ಅವರನ್ನು ಬಂಧಿಸಿದರು. ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ಮರುದಿನ ಬಿಡುಗಡೆ, 1948ರ ಜನವರಿಯಲ್ಲಿ ಮತ್ತೆ ಒಳಗೆ. ಅದೇ ತಿಂಗಳ 30ಕ್ಕೆ ದೆಹಲಿಯಲ್ಲಿ ಗಾಂಧಿ ಹತ್ಯೆ. ಒಂದೇ ಪುಣೆಯಿಂದ ಹೊರಟು, ಒಂದೇ ನಿಜಾಮನ ಜೈಲು ಕಂಡ ಇಬ್ಬರಲ್ಲಿ ಒಬ್ಬರು ಗಾಂಧಿಯ ಮಾತಿಗೆ ಕಟ್ಟುಬಿದ್ದು ನಿಂತವರು, ಇನ್ನೊಬ್ಬ ಅವರನ್ನು ಕೊಂದವನು.

ಸ್ವಾಮೀಜಿ ಜೈಲಿನಲ್ಲಿದ್ದ ಆ ಎಂಟು ತಿಂಗಳು ನಮ್ಮ ಕಡೆಯ ಹಿರಿಯರು ರಜಾಕಾರರ ಹಾವಳಿ ಎಂದು ಕರೆಯುವ ಕಾಲ. ರಾಜ್ಯದ ಸಾರ್ವಭೌಮತ್ವ ಮುಸ್ಲಿಂ ಸಮುದಾಯದ್ದು, ನಿಜಾಮ ಅದರ ಸಂಕೇತ ಮಾತ್ರ ಎಂಬುದು ಇತ್ತೆಹಾದುಲ್ ಮುಸ್ಲಿಮೀನ್ ವಾದ. ಅದರ ಪಡೆಯಾದ ರಜಾಕಾರರಿಗೆ ಲಾತೂರಿನ ವಕೀಲ ಕಾಸಿಂ ರಜ್ವಿ ನಾಯಕ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಕಗ್ಗೊಲೆಯನ್ನು ಆ ಸೀಮೆ ಇನ್ನೂ ಮರೆತಿಲ್ಲ. ಸ್ಟೇಟ್ ಕಾಂಗ್ರೆಸ್ಸಿನವರು ಗಡಿಯ ಆಚೆ ಶಿಬಿರ ಹಾಕಿ ಬಂದೂಕು ಹಿಡಿದರು. ನಮ್ಮ ಕಡೆ ಅಳವಂಡಿ ಶಿವಮೂರ್ತಿ ಸ್ವಾಮಿಯವರ ಮುಂಡರಗಿ ಶಿಬಿರ ಹೆಸರಾಂತದ್ದು. ನನ್ನ ಮುತ್ಯಾ ಆಗ ಹದಿನಾಲ್ಕರ ಹುಡುಗ. ಮನೆಮಂದಿಯೆಲ್ಲ ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಗಡಿ ದಾಟಿ ಅಕ್ಕಲಕೋಟೆ ಕಡೆಯ ನೆಂಟರ ಮನೆಗೆ ಹೋಗಿದ್ದರಂತೆ.

ರಜಾಕಾರರು ಕೊಂದವರಲ್ಲಿ ಶೋಯಬುಲ್ಲಾ ಖಾನ್ ಹೆಸರನ್ನು ಬಿಡಲಾಗದು. ಇಮ್ರೋಜ್ ಎಂಬ ಉರ್ದು ದಿನಪತ್ರಿಕೆಯ ಸಂಪಾದಕ. ಹೈದರಾಬಾದ್ ಭಾರತದಲ್ಲಿ ಸೇರಬೇಕೆಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಗುಂಡು ಹಾರಿಸಿ, ಬರೆದ ಕೈಯನ್ನೇ ಕತ್ತರಿಸಿದರು. ಇವರ ನೆನಪು ಮಾಡುವ ಒಂದೇ ಒಂದು ಸಂದೇಶ ನನ್ನ ಮೊಬೈಲಿಗೆ ಯಾವ ಸೆಪ್ಟೆಂಬರ್‌ನಲ್ಲೂ ಬಂದಿಲ್ಲ. ಬಂದರೆ, ಇದು ಎರಡು ಧರ್ಮಗಳ ಯುದ್ಧ ಎಂದು ಹೇಳುವುದು ಕಷ್ಟವಾಗುತ್ತದೆ.

ಸೆಪ್ಟೆಂಬರ್ 13ಕ್ಕೆ ಸೇನೆ ಒಳಗೆ ಹೊಕ್ಕಿತು. ಯೋಜನೆ ಸಿದ್ಧವಾದದ್ದು ಸೇನೆಯ ದಕ್ಷಿಣ ಕಮಾಂಡಿನಲ್ಲಿ. ಪುಣೆ ಕ್ಯಾಂಪಿನಲ್ಲಿ ಓಡಾಡುವವರು ಅದರ ಮುಖ್ಯ ಕಚೇರಿಯನ್ನು ದಿನಾ ನೋಡುತ್ತಾರೆ. ಜನರಲ್ ಚೌಧರಿಯವರ ಪಡೆ ಸೊಲ್ಲಾಪುರದಿಂದ ನಳದುರ್ಗದ ದಾರಿ ಹಿಡಿಯಿತು. 17ಕ್ಕೆ ನಿಜಾಮ ಶರಣಾದ, ಸ್ವಾಮೀಜಿ ಬಿಡುಗಡೆಯಾದರು. ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಲಡ್ಡು ಹಂಚಿ ಭಾಷಣ ಮುಗಿಸುತ್ತೇವೆ.

ಮುತ್ಯಾ ಮಾತ್ರ ಪೋಲೀಸ್ ಆಕ್ಷನ್ ಆದಮೇಲಿನ ಒಂದು ಸಂಗತಿ ಹೇಳುತ್ತಿದ್ದರು. ಊರಿಗೆ ವಾಪಸು ಬಂದಾಗ ಓಣಿಯ ಪಿಂಜಾರರ ಮನೆಗಳು ಖಾಲಿ. ಒಂದು ಸಂಸಾರ ನಮ್ಮ ಹೊಲದ ಕಣಕಿ ಬಣವಿಯಲ್ಲಿ ಅಡಗಿ ಕೂತಿತ್ತು. ಮುತ್ಯಾನ ಅವ್ವ ಎಂಟು ದಿನ ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಹೋಗಿ ಕೊಟ್ಟು ಬಂದಳಂತೆ. ಉಳಿದವರು ಏನಾದರು ಎಂದು ಕೇಳಿದರೆ ಮುತ್ಯಾ ಎಲೆಅಡಿಕೆ ಚೀಲ ಬಿಚ್ಚಿ ಸುಣ್ಣ ಹುಡುಕಲು ಶುರು ಮಾಡುತ್ತಿದ್ದರು.

ಉಳಿದದ್ದನ್ನು ನಾನು ಓದಿ ತಿಳಿದುಕೊಂಡೆ. ಆ ವರ್ಷದ ಕೊನೆಯಲ್ಲಿ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡವೊಂದು ಭಾರತ ಸರ್ಕಾರದ ಕೋರಿಕೆಯ ಮೇಲೆ ಸಂಸ್ಥಾನ ಸುತ್ತಿತು. ಸೇನೆ ಬಂದ ಮೇಲೆ ಸತ್ತವರು ಕಡಿಮೆ ಎಂದರೂ 27,000ದಿಂದ 40,000 ಎಂದು ಅವರ ಅಂದಾಜು. ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದದ್ದು ನಾಲ್ಕು ಜಿಲ್ಲೆಗಳಲ್ಲಿ: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ. ಕೊಲೆ, ಲೂಟಿಯ ಜೊತೆಗೆ ಬಲವಂತದ ಮತಾಂತರವೂ ನಡೆದಿತ್ತು. ಹೆಂಗಸರ ಮೈಮೇಲೆ ಹಚ್ಚೆ ಚುಚ್ಚಿದ್ದರು. ಜೀವಕ್ಕೆ ಹೆದರದೆ ಮುಸ್ಲಿಂ ನೆರೆಯವರನ್ನು ಉಳಿಸಿದ ಹಿಂದೂಗಳ ಬಗ್ಗೆಯೂ, ವಿಶೇಷವಾಗಿ ಒಂದೇ ಕಸುಬಿನ ನೇಕಾರರು ಒಬ್ಬರಿಗೊಬ್ಬರು ಆದದ್ದರ ಬಗ್ಗೆಯೂ ಅದರಲ್ಲಿದೆ. ಪಟೇಲರು ಆ ವರದಿಯನ್ನು ಒಪ್ಪಲಿಲ್ಲ. ಆಗ ಅದು ಪ್ರಕಟವಾಗಲೂ ಇಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನರಿಗೆ ನೋಡಲು ಸಿಕ್ಕಿದ್ದು 2013ರ ಹೊತ್ತಿಗೆ. ಸಂಖ್ಯೆಯ ಬಗ್ಗೆ ವಾದ ಇದೆ, ಇರಲಿ. ಕಣಕಿ ಬಣವಿಯ ಬಗ್ಗೆ ನಮ್ಮ ಮನೆಯಲ್ಲಿ ವಾದವಿಲ್ಲ.

ಉಸ್ಮಾನಾಬಾದ್ ಸ್ವಾಮೀಜಿ ಮಾಸ್ತರಿಕೆ ಶುರು ಮಾಡಿದ ಜಿಲ್ಲೆ, ಸನ್ಯಾಸ ತೆಗೆದುಕೊಂಡ ಜಿಲ್ಲೆ. ಗುಲಬರ್ಗಾ ಅವರನ್ನು ನಾಲ್ಕು ವರ್ಷದ ಮೇಲೆ ಲೋಕಸಭೆಗೆ ಕಳಿಸಲಿದ್ದ ಜಿಲ್ಲೆ. ಹತ್ತು ವರ್ಷ ಅವರು ಕಾಯ್ದುಕೊಂಡು ಬಂದ ಗೆರೆ ಆ ಕೆಲವು ವಾರಗಳಲ್ಲಿ ಅಲ್ಲೇ ಅಳಿಸಿಹೋಯಿತು. ಹಿಂದಿನ ವರ್ಷ ಹಿಂದೂವಿನ ಮನೆ ಸುಟ್ಟದ್ದಕ್ಕೆ ಈ ವರ್ಷ ಬಡ ಪಿಂಜಾರನ ಮನೆ ಸುಟ್ಟಿತು, ಅವನು ರಜಾಕಾರನೋ ಅಲ್ಲವೋ ಯಾರೂ ಕೇಳಲಿಲ್ಲ. ಸ್ಟೇಟ್ ಕಾಂಗ್ರೆಸ್ಸಿನ ಹೆಸರು ಹಳ್ಳಿ ಹಳ್ಳಿಗೆ ಮುಟ್ಟಿತ್ತು, ಅದರ ನಿಲುವು ಅಷ್ಟು ದೂರ ಮುಟ್ಟಿರಲಿಲ್ಲ. ಆ ಪಕ್ಷ ಆ ತಿಂಗಳುಗಳಲ್ಲಿ ತನ್ನ ಜನರನ್ನು ತಡೆಯಲು ಮಾಡಬೇಕಾದಷ್ಟು ಮಾಡಲಿಲ್ಲ ಎಂದೇ ನನ್ನ ಅಭಿಪ್ರಾಯ, ಸ್ವಾಮೀಜಿಯ ಮೇಲಿನ ಗೌರವಕ್ಕಾಗಿ ಅದನ್ನು ಮುಚ್ಚಿಡಲು ಮನಸ್ಸಿಲ್ಲ.

ಇದು ನಮ್ಮೊಬ್ಬರದೇ ಕಥೆಯೂ ಅಲ್ಲ. ಗಟ್ಟಿಯಾಗಿ ಮುಚ್ಚಿದ ಪಾತ್ರೆಯ ಮುಚ್ಚಳ ತೆಗೆದಾಗ ಮೊದಲು ಉಕ್ಕುವುದು ಏನು ಎಂಬುದನ್ನು ಬೇರೆ ದೇಶಗಳೂ ಕಂಡಿವೆ. ಇಂಡೊನೇಷ್ಯಾದಲ್ಲಿ 1998ರಲ್ಲಿ ಸುಹಾರ್ತೊ ಇಳಿದರು, ಮರುವರ್ಷವೇ ಮಲುಕು ದ್ವೀಪಗಳಲ್ಲಿ ಮುಸ್ಲಿಮರೂ ಕ್ರೈಸ್ತರೂ ಬಡಿದಾಡಿಕೊಂಡರು. ಮ್ಯಾನ್ಮಾರ್‌ನಲ್ಲಿ 2011ರಲ್ಲಿ ಸೇನೆಯ ಹಿಡಿತ ಸ್ವಲ್ಪ ಸಡಿಲಾಯಿತು, 2012ರಲ್ಲಿ ರಖೈನ್ ಪ್ರಾಂತ್ಯ ಹೊತ್ತಿ ಉರಿಯಿತು. ಸ್ಪೇನ್ ಮಾತ್ರ ಫ್ರಾಂಕೊ ಸತ್ತ ಮೂರೇ ವರ್ಷದಲ್ಲಿ, 1978ರ ಸಂವಿಧಾನದಲ್ಲಿ, ದೇಶಕ್ಕೆ ಅಧಿಕೃತ ಧರ್ಮವಿಲ್ಲ ಎಂದು ಬರೆದುಕೊಂಡು ತಣ್ಣಗೆ ದಾಟಿತು. ದೊರೆಯೋ ಸೇನಾಧಿಕಾರಿಯೋ ಹೋದ ಮಾತ್ರಕ್ಕೆ ಪಕ್ಕದ ಮನೆಯವನ ಪೂಜೆ ಸುರಕ್ಷಿತ ಎಂದೇನೂ ಆಗುವುದಿಲ್ಲ.

1949ರ ನವೆಂಬರ್‌ನಲ್ಲಿ ನಿಜಾಮ ಭಾರತದ ಸಂವಿಧಾನವನ್ನು ಒಪ್ಪಿ ಫರ್ಮಾನು ಹೊರಡಿಸಿದ. 1950ರ ಜನವರಿ 26ರಿಂದ 25ನೇ ವಿಧಿ ಆಳಂದಕ್ಕೂ ಅಂಬಾಜೋಗಾಯಿಗೂ ಅನ್ವಯವಾಯಿತು. ಮನಸ್ಸಾಕ್ಷಿಯ ಸ್ವಾತಂತ್ರ್ಯ, ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಎಲ್ಲರಿಗೂ. ಉಮೂರೆ ಮಜಹಬಿಗೆ ಅರ್ಜಿ ಹಾಕುತ್ತಿದ್ದವರಿಗೆ ಇದು ಸಣ್ಣ ಬದಲಾವಣೆಯಲ್ಲ. ಮರ್ಜಿ ಹೋಗಿ ಹಕ್ಕು ಬಂತು, ಕಾಗದದ ಮೇಲಾದರೂ.

ಕಾಗದದ ಮೇಲೆ ಎಂದು ಏಕೆ ಹೇಳುತ್ತೇನೆ ಎಂದರೆ, ಕಳೆದ ವರ್ಷ ಬೀದರಿನ ಒಬ್ಬ ಹುಡುಗ ನಮ್ಮ ಕಂಪನಿಗೆ ಸೇರಿದ. ಪುಣೆಯಲ್ಲಿ ಬಾಡಿಗೆ ಫ್ಲ್ಯಾಟ್ ಹುಡುಕಲು ನಾನು ಜೊತೆಗೆ ಓಡಾಡಿದೆ. ಫೋನಿನಲ್ಲಿ ಎಲ್ಲ ಮಾತಾಗುತ್ತಿತ್ತು, ಡಿಪಾಸಿಟ್ ಕೂಡ. ಹೆಸರು ಕೇಳಿದ ಮೇಲೆ ಒಂದು ಫ್ಲ್ಯಾಟಿನ ಮಾಲೀಕರ ಮಗ ಅಮೆರಿಕದಿಂದ ಬರುವವನಿದ್ದ, ಇನ್ನೊಂದರ ಸೊಸೈಟಿಯಲ್ಲಿ ಬ್ಯಾಚುಲರ್‌ಗೆ ಕೊಡುವುದಿಲ್ಲ. ಅದೇ ಸೊಸೈಟಿಯಲ್ಲಿ ನಾನು ಬ್ಯಾಚುಲರ್ ಆಗಿದ್ದಾಗ ಎರಡು ವರ್ಷ ಇದ್ದೆ. ಏಳನೇ ಫ್ಲ್ಯಾಟ್ ಸಿಕ್ಕಿತು. ಮಾಲೀಕರು ಒಳ್ಳೆಯವರು ಎಂದು ಹುಡುಗ ಖುಷಿಪಟ್ಟ. ಒಬ್ಬರು ಒಳ್ಳೆಯವರು ಸಿಕ್ಕಿದ್ದಕ್ಕೆ ಮನೆ ಸಿಕ್ಕಿತಲ್ಲ ಎಂಬುದು ನನ್ನ ತಲೆಯಲ್ಲಿ ಉಳಿಯಿತು.

ಸ್ವಾಮೀಜಿಯ ಮುಂದಿನ ಬದುಕನ್ನು ಬೇಗ ಹೇಳಬಹುದು. 1952ರ ಮೊದಲ ಮಹಾಚುನಾವಣೆಯಲ್ಲಿ ಗುಲಬರ್ಗಾದಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಆರಿಸಿ ಬಂದರು. ಹೈದರಾಬಾದಿನ ಮುಖ್ಯಮಂತ್ರಿಯಾದದ್ದು ಅವರ ಎದುರು ಬಣದ ಬೂರ್ಗುಲ. ಹೋರಾಟದ ನಾಯಕನಿಗೆ ಅಧಿಕಾರ ದಕ್ಕಲಿಲ್ಲ, ಅದಕ್ಕಾಗಿ ಅವರು ಪಕ್ಷ ಒಡೆಯಲೂ ಇಲ್ಲ. ಒಂದು ವಿಷಯದಲ್ಲಿ ಮಾತ್ರ ಪಟ್ಟು ಸಡಿಲಿಸಲಿಲ್ಲ. ಹೈದರಾಬಾದ್ ರಾಜ್ಯವನ್ನು ಹಾಗೇ ಉಳಿಸಿಕೊಳ್ಳಬೇಕೆಂದು ದೆಹಲಿಯಲ್ಲಿ ಹಲವರಿಗೆ ಇಷ್ಟವಿತ್ತು, ನೆಹರೂ ಅವರಿಗೂ ಮೊದಮೊದಲು. ಅದನ್ನು ಭಾಷೆಯ ಪ್ರಕಾರ ಬಿಡಿಸಿ, ಕನ್ನಡಿಗರನ್ನು ಕನ್ನಡಿಗರ ಜೊತೆ, ಮರಾಠಿಗರನ್ನು ಮರಾಠಿಗರ ಜೊತೆ, ತೆಲುಗರನ್ನು ತೆಲುಗರ ಜೊತೆ ಸೇರಿಸಬೇಕೆಂದು ಸ್ವಾಮೀಜಿ ವಾದಿಸಿದರು. ಸಾಮಾನ್ಯ ರೈತನಿಗೆ ತನ್ನ ಮಾತಿನಲ್ಲೇ ಕಚೇರಿ, ಕೋರ್ಟು, ಶಾಲೆ ಸಿಗದಿದ್ದರೆ ಓಟಿನಿಂದ ಏನು ಲಾಭ ಎಂಬ ತರ್ಕ. 1956ರ ನವೆಂಬರ್ 1ಕ್ಕೆ ಅದು ಆಯಿತು. ಬೀದರ್, ಗುಲಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಅದುವರೆಗೆ ರಾಜಪ್ರಮುಖನಾಗಿದ್ದ ನಿಜಾಮನ ಆ ಹುದ್ದೆಯೂ ಅಂದೇ ಮುಗಿಯಿತು.

ಕೊನೆಯ ವರ್ಷಗಳಲ್ಲಿ ಚುನಾವಣೆಯಿಂದ ದೂರ ಸರಿದು ಭೂದಾನ, ಖಾದಿ, ಶಿಕ್ಷಣದಲ್ಲಿ ತೊಡಗಿದರು. ಅವರ ಗರಡಿಯಲ್ಲಿ ಬೆಳೆದವರಲ್ಲಿ ಪಿ. ವಿ. ನರಸಿಂಹರಾವ್ ಒಬ್ಬರು. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾದಿಂದ ಹೊರಬಿದ್ದು ನಾಗಪುರಕ್ಕೆ ಹೋಗಿ ಓದಿದ ಹುಡುಗ, ಆಮೇಲೆ ಪ್ರಧಾನಿ. ಸ್ವಾಮೀಜಿ ತೀರಿಕೊಂಡದ್ದು 1972ರ ಜನವರಿ 22ರಂದು, ಹೈದರಾಬಾದಿನಲ್ಲಿ. ಬೇಗಂಪೇಟೆಯಲ್ಲಿ ಸ್ಮಾರಕವಿದೆ. ನಾಂದೇಡದ ವಿಶ್ವವಿದ್ಯಾಲಯಕ್ಕೆ, ಅಂಬಾಜೋಗಾಯಿಯ ವೈದ್ಯಕೀಯ ಕಾಲೇಜಿಗೆ ಅವರ ಹೆಸರಿದೆ. ನಮ್ಮ ತಂಡದ ನಾಂದೇಡದ ಹುಡುಗನ ಪದವಿ ಪ್ರಮಾಣಪತ್ರದ ನೆತ್ತಿಯ ಮೇಲೆ ಆ ಹೆಸರು ಅಚ್ಚಾಗಿದೆ. ಅದನ್ನು ನೌಕರಿ ಸೇರುವಾಗ ಸ್ಕ್ಯಾನ್ ಮಾಡಿ ಕೊಟ್ಟಿದ್ದನಂತೆ. ಯಾರ ಹೆಸರು ಎಂದು ಈ ಲೇಖನ ಬರೆಯುವಾಗ ನಾನು ಹೇಳಿದ ಮೇಲೆ, ಸಿಂದಗಿ ಎಲ್ಲಿ ಬರುತ್ತದೆ ಎಂದು ಕೇಳಿ ಮ್ಯಾಪ್ ತೆಗೆದ.